ಫ್ರೂಮ್ ನಿಧಿ: ಒಂದು ಮಡಕೆ, 52,503 ನಾಣ್ಯ, ಅದಕ್ಕೆ ಬೆಲೆ ಕಟ್ಟಿದ ಬಗೆ

ಹಳೇ ನಾಣ್ಯ ಸಿಕ್ಕಿದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಇದಕ್ಕೆಷ್ಟು ಬರುತ್ತೆ?" ಆ ಪ್ರಶ್ನೆ ಕೇಳುವವರಿಗೆಲ್ಲ ನಾನು ಇಂಗ್ಲೆಂಡಿನ ಈ ಪ್ರಕರಣವನ್ನೇ ಹೇಳುತ್ತೇನೆ. 2010ರಲ್ಲಿ ಸಾಮರ್‌ಸೆಟ್ ಕೌಂಟಿಯ ಫ್ರೂಮ್ ಊರಿನ ಹತ್ತಿರ, ಒಂದು ಹೊಲದಲ್ಲಿ 52,503 ರೋಮನ್ ನಾಣ್ಯಗಳು ಸಿಕ್ಕವು. ಎಲ್ಲವೂ ಒಂದೇ ಮಡಕೆಯಲ್ಲಿ. ಬೆಲೆ ಕಟ್ಟಿದಾಗ ಬಂದ ಮೊತ್ತ 3,20,250 ಪೌಂಡ್. ಭಾಗಿಸಿ ನೋಡಿ, ಒಂದು ನಾಣ್ಯಕ್ಕೆ ಸರಾಸರಿ ಆರು ಪೌಂಡ್ ಚಿಲ್ಲರೆ ಬೀಳುತ್ತದೆ.

1,700 ವರ್ಷ ಹಳೆಯ ನಾಣ್ಯಕ್ಕೆ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಹೌದು, ಬಿಡಿ ನಾಣ್ಯಕ್ಕೆ ಇಷ್ಟೇ. ಆದರೆ ಈ ಮಡಕೆಯಿಂದ ತಿಳಿದ ವಿಷಯವನ್ನು ಯಾವ ಹಣ ಕೊಟ್ಟೂ ಕೊಳ್ಳಲಾಗುತ್ತಿರಲಿಲ್ಲ. ಅದು ತಿಳಿಯಲು ಒಂದೇ ಕಾರಣ: ಮಡಕೆ ಕಂಡವನು ಅಗೆಯುವುದನ್ನು ನಿಲ್ಲಿಸಿದ.

ಹೊಲದಲ್ಲಿ ನಡೆದದ್ದು

ಕಂಡವನ ಹೆಸರು ಡೇವ್ ಕ್ರಿಸ್ಪ್. ಆಸ್ಪತ್ರೆಯೊಂದರಲ್ಲಿ ಅಡುಗೆಯವರು. 1988ರಿಂದ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವ ಹವ್ಯಾಸ. ಬ್ರಿಟನ್ನಿನಲ್ಲಿ ಇಂಥವರು ಸಾವಿರಾರು ಜನ ಇದ್ದಾರೆ. ಜಮೀನಿನ ಮಾಲೀಕರ ಒಪ್ಪಿಗೆ ಇದ್ದರೆ, ಅದು ಸಂರಕ್ಷಿತ ಜಾಗ ಅಲ್ಲದಿದ್ದರೆ, ಅಲ್ಲಿ ಇದು ಕಾನೂನುಬದ್ಧ ಹವ್ಯಾಸ.

ಆ ಹೊಲದಲ್ಲಿ ಕ್ರಿಸ್ಪ್‌ಗೆ ಮೊದಲು ಸಿಕ್ಕಿದ್ದು ಬೇರೆಯದೇ. ನಾಲ್ಕನೇ ಶತಮಾನದ ಸಣ್ಣ ಬೆಳ್ಳಿ ನಾಣ್ಯಗಳು, ಸಿಲಿಕ್ವಾ ಅನ್ನುತ್ತಾರೆ, ಉಳುಮೆಯಲ್ಲಿ ಚೆದುರಿಹೋಗಿದ್ದವು. ಕೊನೆಗೆ ಅವುಗಳ ಲೆಕ್ಕ 62ಕ್ಕೆ ಬಂತು. ಇನ್ನಷ್ಟು ಸಿಗಬಹುದು ಅಂತ 2010ರ ಏಪ್ರಿಲ್ 11ರಂದು ಅವರು ಅದೇ ಹೊಲಕ್ಕೆ ಹೋದರು. ಆಗ ಡಿಟೆಕ್ಟರ್ ಒಂಥರಾ ಅನುಮಾನದ ಸದ್ದು ಮಾಡಿತು.

ಈ ಸದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಿಟೆಕ್ಟರಿನ ಕೆಳಗಿನ ದುಂಡನೆಯ ತಟ್ಟೆಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದು ಮಣ್ಣಿನೊಳಕ್ಕೆ ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಕಳಿಸುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಚಿಕ್ಕ ಚಿಕ್ಕ ವಿದ್ಯುತ್ ಸುಳಿಗಳು ಹುಟ್ಟುತ್ತವೆ, ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತವೆ. ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ. ಒಳ್ಳೆ ಬೆಳ್ಳಿ ನಾಣ್ಯ ಮೇಲೇ ಇದ್ದರೆ ಸದ್ದು ಚೊಕ್ಕವಾಗಿರುತ್ತದೆ. ಕಬ್ಬಿಣದ ಮೊಳೆಗೆ ಸದ್ದು ಒಡೆದ ಹಾಗೆ ಕೇಳುತ್ತದೆ. ಆಳದಲ್ಲಿರುವ, ಕಿಲುಬು ಹಿಡಿದ ಕಳಪೆ ಲೋಹಕ್ಕೆ ಇವೆರಡೂ ಅಲ್ಲದ ಸದ್ದು. ಅಂಥ ಸದ್ದು ಬಂದಾಗ ಬಹಳ ಜನ ಹಾಗೇ ಮುಂದೆ ಹೋಗಿಬಿಡುತ್ತಾರೆ. ಕ್ರಿಸ್ಪ್ ಅಗೆದರು.

ಸುಮಾರು 35 ಸೆಂಟಿಮೀಟರ್ ಆಳದಲ್ಲಿ ಜೇಡಿಮಣ್ಣು ಮೆತ್ತಿಕೊಂಡ ಸಣ್ಣ ನಾಣ್ಯ ಸಿಕ್ಕಿತು. ಇನ್ನೂ ಕೆಲವು ಸಿಕ್ಕವು. ಆಮೇಲೆ ಮಡಕೆಯ ಬಾಯಿ ಕಾಣಿಸಿತು. ಅಲ್ಲಿಗೆ ಅವರು ಕೈ ತೆಗೆದರು. ಗುಂಡಿಗೆ ಮಣ್ಣು ವಾಪಸ್ ತುಂಬಿ, ಪುರಾತತ್ತ್ವದವರಿಗೆ ಸುದ್ದಿ ಮುಟ್ಟಿಸಿದರು.

ಕೈಗೆಟುಕುವಷ್ಟು ಹತ್ತಿರ ನಿಧಿ ಇದೆ, ಸುತ್ತ ಯಾರೂ ಇಲ್ಲ, ಆದರೂ ಗುಂಡಿ ಮುಚ್ಚಿ ಮನೆಗೆ ಹೋಗುವುದು ಸಣ್ಣ ವಿಷಯ ಅಲ್ಲ. ಇದಕ್ಕೆ ಮುಂಚೆಯೂ ಹೀಗೆ ಮಾಡಿದವರಿದ್ದಾರೆ. 1992ರಲ್ಲಿ ಸಫೋಕ್ ಕೌಂಟಿಯ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಅನ್ನುವವರು ಗೆಳೆಯ ರೈತನ ಕಳೆದುಹೋದ ಸುತ್ತಿಗೆ ಹುಡುಕುತ್ತಾ ಹೋಗಿ, ಸುಮಾರು 15,000 ರೋಮನ್ ನಾಣ್ಯ, ಚಿನ್ನದ ಒಡವೆ, ಬೆಳ್ಳಿಯ ಚಮಚಗಳ ರಾಶಿ ಕಂಡರು. ಅವರೂ ಪೂರ್ತಿ ತೋಡದೆ ತಿಳಿಸಿದರು. ಆ ಸುತ್ತಿಗೆಯೂ ಸಿಕ್ಕಿತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1996ರಲ್ಲಿ ಬಂದ ಟ್ರೆಶರ್ ಆ್ಯಕ್ಟ್ ಅನ್ನುವ ಹೊಸ ಕಾನೂನಿಗೂ, ಜನರ ಕೈಗೆ ಸಿಕ್ಕ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ಗೂ ಇಂಥ ಪ್ರಕರಣಗಳೇ ದಾರಿ ಮಾಡಿದವು. ಕ್ರಿಸ್ಪ್ ಸುದ್ದಿ ಮುಟ್ಟಿಸಿದ್ದು ಈ ಸ್ಕೀಮಿನ ಜಿಲ್ಲಾ ಅಧಿಕಾರಿಗಳಿಗೇ.

ಮಡಕೆಯನ್ನು ಖಾಲಿ ಮಾಡಿದ ಕ್ರಮ

ಏಪ್ರಿಲ್ 23ರಿಂದ 25ರವರೆಗೆ, ಮೂರು ದಿನ, ಅಲನ್ ಗ್ರಹಾಂ ಅನ್ನುವ ಪುರಾತತ್ತ್ವಜ್ಞರ ಕೈಯಲ್ಲಿ ಉತ್ಖನನ ನಡೆಯಿತು. ಕ್ರಿಸ್ಪ್ ಕೂಡ ಜೊತೆಗಿದ್ದರು. ಹುಡುಕಿದವನನ್ನು ಹೊರಗಿಡದೆ ಕೆಲಸಕ್ಕೆ ಸೇರಿಸಿಕೊಂಡದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಮಡಕೆ 60 ಸೆಂಟಿಮೀಟರ್ ಎತ್ತರ, 45 ಸೆಂಟಿಮೀಟರ್ ಅಗಲ. ಬಾಯಿ ಕಿರಿದು, ಅದರ ಮೇಲೆ ಚಿಕ್ಕ ಬಟ್ಟಲನ್ನು ಮುಚ್ಚಳದ ಹಾಗೆ ಕವುಚಿತ್ತು. ಗೋಡೆ ತೆಳು. ಮಣ್ಣಿನ ಭಾರಕ್ಕೆ ಎಂದೋ ಬಿರುಕು ಬಿಟ್ಟಿತ್ತು. ಇಂಥದ್ದು ಸಿಕ್ಕಾಗ ಸಾಮಾನ್ಯವಾಗಿ ಸುತ್ತಲಿನ ಮಣ್ಣಿನ ಸಮೇತ ಹೆಂಟೆಯಂತೆ ಎತ್ತಿ, ಪ್ರಯೋಗಾಲಯಕ್ಕೆ ಒಯ್ದು, ಅಲ್ಲಿ ನಿಧಾನವಾಗಿ ಬಿಡಿಸುತ್ತಾರೆ. ಆದರೆ ಇದರೊಳಗೆ ಇದ್ದದ್ದು 160 ಕಿಲೋ ಲೋಹ. ಎತ್ತುವ ಮಾತೇ ಇರಲಿಲ್ಲ.

ಹಾಗಾಗಿ ಗ್ರಹಾಂ ಮಡಕೆ ಇದ್ದಲ್ಲೇ ಇರಲಿ ಅಂತ ಬಿಟ್ಟು, ನಾಣ್ಯಗಳನ್ನು ಮೇಲಿನಿಂದ ಪದರ ಪದರವಾಗಿ ತೆಗೆದರು. ಪ್ರತಿ ಪದರದ ನಾಣ್ಯಗಳಿಗೆ ಬೇರೆ ಬೇರೆ ಚೀಲ, ಪ್ರತಿ ಚೀಲಕ್ಕೆ ಗುರುತಿನ ಚೀಟಿ. ಒಟ್ಟು 66 ಚೀಲ. ಹೊಲದಲ್ಲಿ ಮಂಡಿಯೂರಿ ಕೂತು, ಅಂಟುಮಣ್ಣಿನ ಮುದ್ದೆಯಂಥ ನಾಣ್ಯಗಳನ್ನು ಹೀಗೆ ಬಿಡಿಸುವುದು ಬೇಜಾರಿನ ಕೆಲಸ ಅನ್ನಿಸಬಹುದು. ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ನಾಣ್ಯಗಳ ಸಂಖ್ಯೆಯೂ ಅಷ್ಟೇ ಇರುತ್ತಿತ್ತು, ಮಾರುಕಟ್ಟೆ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಯಾವ ನಾಣ್ಯ ಯಾವ ಆಳದಲ್ಲಿತ್ತು ಅನ್ನುವುದು ಮಾತ್ರ ಎಂದೆಂದಿಗೂ ಹೋಗಿಬಿಡುತ್ತಿತ್ತು.

ಚೀಲಗಳು ಬ್ರಿಟಿಷ್ ಮ್ಯೂಸಿಯಂಗೆ ಹೋದವು. ಒದ್ದೆ ಮಣ್ಣಿನಿಂದ ಹೊರಗೆ ಬಂದ ತಾಮ್ರದ ನಾಣ್ಯಕ್ಕೆ ಗಾಳಿ ತಾಗಿದರೆ ಕಿಲುಬು ಬೇಗ ಏರುತ್ತದೆ. ಸಂರಕ್ಷಕಿ ಪಿಪಾ ಪಿಯರ್ಸ್ ಸುಮಾರು ಆರು ವಾರ ಅವನ್ನು ತೊಳೆದು ಒಣಗಿಸಿದರು. ಇದು ಹೊಳಪು ಬರಿಸುವ ತೊಳೆತ ಅಲ್ಲ. ಮಣ್ಣು ಬಿಡಿಸಿ, ಹಾಳಾಗುವುದನ್ನು ತಡೆಯುವಷ್ಟು ಮಾತ್ರ. ನಾಣ್ಯತಜ್ಞರಾದ ಸ್ಯಾಮ್ ಮೂರ್‌ಹೆಡ್ ಮತ್ತು ರೋಜರ್ ಬ್ಲಾಂಡ್ ಅವನ್ನು ಚಕ್ರವರ್ತಿಗಳ ಪ್ರಕಾರ ವಿಂಗಡಿಸಲು ಕೂತರು.

ಒಳಗೆ ಇದ್ದದ್ದು ಏನು

ಹತ್ತಿರದಿಂದ ನೋಡಿದರೆ ಇವು ಬಡ ನಾಣ್ಯಗಳು. ಕಂದು ಬಣ್ಣ, ಹೆಚ್ಚಿನವು ನಮ್ಮ ರೂಪಾಯಿಗಿಂತ ಚಿಕ್ಕವು, ಅಂಚು ದುಂಡಗಿಲ್ಲ. ಒಂದು ಬದಿಗೆ ಚಕ್ರವರ್ತಿಯ ಮುಖ, ತಲೆಯ ಮೇಲೆ ಸೂರ್ಯನ ಕಿರಣದಂಥ ಮೊನಚು ಮೊನಚಾದ ಕಿರೀಟ. ಅದಕ್ಕೇ ಇವನ್ನು ರೇಡಿಯೇಟ್ ಅನ್ನುತ್ತಾರೆ. ಇನ್ನೊಂದು ಬದಿಗೆ ಯಾರೋ ದೇವತೆ. ಅಚ್ಚು ಸರಿಯಾಗಿ ಕೂತಿಲ್ಲದೆ ಅಕ್ಷರಗಳು ಎಷ್ಟೋ ಕಡೆ ಅಂಚಿನಾಚೆ ಹೋಗಿವೆ.

ಹೆಸರಿಗೆ ಇವು ಬೆಳ್ಳಿ ನಾಣ್ಯಗಳು. ಆದರೆ ಮೂರನೇ ಶತಮಾನದಲ್ಲಿ ರೋಮ್ ಸಾಮ್ರಾಜ್ಯ ಯುದ್ಧ, ದಂಗೆ, ಪಿಡುಗುಗಳಲ್ಲಿ ಮುಳುಗಿಹೋಗಿತ್ತು. ಸೈನಿಕರಿಗೆ ಸಂಬಳ ಕೊಡಲು ಬೆಳ್ಳಿ ಸಾಲದೆ ತಾಮ್ರ ಬೆರೆಸುತ್ತಾ ಬಂದರು. 270ರ ಹೊತ್ತಿಗೆ ಒಂದು ನಾಣ್ಯದಲ್ಲಿ ಬೆಳ್ಳಿ ಉಳಿದದ್ದು ನೂರಕ್ಕೆ ಕೆಲವೇ ಪಾಲು.

ಇದಕ್ಕೆ ಮುಂಚೆ ರೋಮನ್ ನಾಣ್ಯ ಹೇಗಿತ್ತು ಅಂತ ನೋಡಲು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಬೆಂಗಳೂರಿನ ಯಶವಂತಪುರದ ಹತ್ತಿರ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಅವು ಅಗಸ್ಟಸ್, ಟೈಬೀರಿಯಸ್ ಕಾಲದ ಡೆನೇರಿಯಸ್‌ಗಳು, ಬಹುಮಟ್ಟಿಗೆ ಅಪ್ಪಟ ಬೆಳ್ಳಿ. ನಮ್ಮ ಕಡೆಯ ವ್ಯಾಪಾರಿಗಳು ಲೋಹ ನೋಡಿಯೇ ಒಪ್ಪಿಕೊಳ್ಳುತ್ತಿದ್ದರು. ಫ್ರೂಮ್ ಮಡಕೆಯಲ್ಲಿದ್ದಂಥ ನಾಣ್ಯವನ್ನು ಅವರು ಬೆಳ್ಳಿ ಅಂತ ಮುಟ್ಟುತ್ತಲೂ ಇರಲಿಲ್ಲ.

ಮಡಕೆಯಲ್ಲಿ 21 ಚಕ್ರವರ್ತಿಗಳು ಮತ್ತು ಮೂವರು ರಾಣಿಯರ ನಾಣ್ಯಗಳಿದ್ದವು. ಶುರುವಾಗುವುದು 253ರ ಸುಮಾರಿಗೆ, ಮುಗಿಯುವುದು 290ರ ಸುಮಾರಿಗೆ. ಇವುಗಳಲ್ಲಿ ಎಲ್ಲರ ಕಣ್ಣು ಅರಳಿಸಿದವು ಕರಾಸಿಯಸ್‌ನ ನಾಣ್ಯಗಳು, 760ಕ್ಕೂ ಜಾಸ್ತಿ. ಈತ ರೋಮ್‌ನ ನೌಕಾಪಡೆಯ ದಂಡನಾಯಕ. 286ರಲ್ಲಿ ರೋಮ್‌ಗೆ ತಿರುಗಿಬಿದ್ದು, ಬ್ರಿಟನ್ನಿಗೆ ತಾನೇ ಚಕ್ರವರ್ತಿ ಅಂತ ಸಾರಿಕೊಂಡ. 293ರಲ್ಲಿ ತನ್ನದೇ ಅಧಿಕಾರಿಯ ಕೈಯಲ್ಲಿ ಕೊಲೆಯಾದ. ಇವನ ಬಗ್ಗೆ ಬರೆದಿಟ್ಟದ್ದು ಕಡಿಮೆ, ಬರೆದವರೂ ಶತ್ರುಪಕ್ಷದವರು. ಹಾಗಾಗಿ ಅವನ ಪರವಾಗಿ ಮಾತಾಡುವುದು ಅವನ ನಾಣ್ಯಗಳೇ. ಈ ಮಡಕೆಯಲ್ಲಿ ಅವನ ಐದು ಡೆನೇರಿಯಸ್‌ಗಳಿದ್ದವು, ಒಳ್ಳೆ ಬೆಳ್ಳಿಯವು. ಸಾಮ್ರಾಜ್ಯದಲ್ಲಿ ಬೇರೆ ಯಾರೂ ಅಂಥ ಬೆಳ್ಳಿ ನಾಣ್ಯ ಟಂಕಿಸದಿದ್ದ ಹೊತ್ತಿನಲ್ಲಿ ಈ ದಂಗೆಕೋರ ಟಂಕಿಸಿದ್ದ. ನನ್ನನ್ನು ನಂಬಿ ಅಂತ ಸೈನಿಕರಿಗೂ ವ್ಯಾಪಾರಿಗಳಿಗೂ ಹೇಳಲು ಇದಕ್ಕಿಂತ ಗಟ್ಟಿ ಮಾತು ಬೇಕಾ?

ಈಗ ಆ 66 ಚೀಲಗಳಿಗೆ ಬರೋಣ. ಯಾರೋ ವರ್ಷಗಟ್ಟಲೆ ಹುಂಡಿಗೆ ಕಾಸು ಹಾಕಿದ ಹಾಗೆ ಈ ಮಡಕೆ ತುಂಬಿದ್ದರೆ, ಹಳೇ ನಾಣ್ಯ ತಳದಲ್ಲಿ, ಹೊಸ ನಾಣ್ಯ ಮೇಲೆ ಇರಬೇಕಿತ್ತು. ಹಾಗೆ ಇರಲಿಲ್ಲ. ಕರಾಸಿಯಸ್‌ನ ನಾಣ್ಯಗಳು, ಅಂದರೆ ಇರುವುದರಲ್ಲಿ ಹೊಸವು, ಬಹಳಷ್ಟು ಆಳದಲ್ಲೇ ಇದ್ದವು. ಅವುಗಳ ಮೇಲೆ ಹಳೇ ನಾಣ್ಯಗಳ ರಾಶಿ. ಅಂದರೆ ಮಡಕೆ ತುಂಬಿದ್ದು ಒಂದೇ ಸಲಕ್ಕೆ. ಬೇರೆ ಬೇರೆ ಚೀಲ, ಪಾತ್ರೆಗಳಲ್ಲಿ ತಂದ ನಾಣ್ಯಗಳನ್ನು ಒಂದಾದ ಮೇಲೊಂದು ಸುರಿದಿದ್ದಾರೆ.

ಇನ್ನೊಂದು ವಿಷಯ. ಇಷ್ಟು ತೆಳು ಗೋಡೆಯ ಮಡಕೆಯಲ್ಲಿ 160 ಕಿಲೋ ತುಂಬಿಕೊಂಡು ಹೊತ್ತು ತರಲು ಆಗುವುದೇ ಇಲ್ಲ, ಒಡೆದುಹೋಗುತ್ತದೆ. ಹಾಗಾದರೆ ಮೊದಲು ಗುಂಡಿ ತೋಡಿ, ಖಾಲಿ ಮಡಕೆ ಇಳಿಸಿ, ಆಮೇಲೆ ನಾಣ್ಯ ಸುರಿದಿದ್ದಾರೆ. ಮತ್ತೆ ತೆಗೆಯಬೇಕು ಅಂದರೂ ಮಡಕೆ ಎತ್ತಲಾಗುವುದಿಲ್ಲ, ಒಡೆಯಬೇಕು, ಇಲ್ಲವೇ ಕಿರಿದಾದ ಬಾಯಿಯಿಂದ ಹಿಡಿ ಹಿಡಿಯಾಗಿ ತೋಡಬೇಕು. ಕಳ್ಳರ ಭಯಕ್ಕೆ ಹೂತಿಡುವವನು ಹೀಗೆ ಮಾಡುತ್ತಾನಾ? ಬೇಕಾದಾಗ ಎತ್ತಿಕೊಂಡು ಓಡಲು ಆಗುವಂತೆ ನಾಲ್ಕಾರು ಚಿಕ್ಕ ಮಡಕೆಗಳಲ್ಲಿ ಇಡುತ್ತಾನೆ.

ಇದರಿಂದ ರೋಜರ್ ಬ್ಲಾಂಡ್ ಮತ್ತು ಜೊತೆಗಾರರು ಮುಂದಿಟ್ಟ ವಾದ, ಇದು ದೇವರಿಗೆ ಒಪ್ಪಿಸಿದ ಕಾಣಿಕೆ ಇರಬಹುದು ಅನ್ನುವುದು. ಒಬ್ಬನದ್ದಲ್ಲ, ಒಂದು ಊರಿನವರೋ ಒಂದು ಸಮುದಾಯದವರೋ ಕೂಡಿ ಕೊಟ್ಟದ್ದು. ಒಬ್ಬ ರೋಮನ್ ಸೈನಿಕನ ಸುಮಾರು ನಾಲ್ಕು ವರ್ಷದ ಸಂಬಳದಷ್ಟು ಹಣ ಇದು ಅಂತ ಅಂದಾಜು ಮಾಡಿದ್ದಾರೆ. ಎಲ್ಲ ತಜ್ಞರೂ ಇದನ್ನು ಒಪ್ಪುವುದಿಲ್ಲ. ಇದು ದುಡ್ಡೇ, ಗಲಾಟೆಯ ಕಾಲದಲ್ಲಿ ಬಚ್ಚಿಟ್ಟದ್ದು ಅನ್ನುವವರೂ ಇದ್ದಾರೆ. ನನಗೆ ಕಾಣಿಕೆಯ ವಾದವೇ ಸರಿ ಅನ್ನಿಸುತ್ತದೆ. ಕಾವೇರಿ ದಾಟುವಾಗ ರೈಲಿನ ಕಿಟಕಿಯಿಂದ ಕಾಸು ಎಸೆದು ಕೈ ಮುಗಿಯುವವರನ್ನು ನೋಡಿ ಬೆಳೆದ ನಮಗೆ, ವಾಪಸ್ ತೆಗೆಯುವ ಯೋಚನೆಯೇ ಇಲ್ಲದೆ ದುಡ್ಡು ಬಿಟ್ಟುಕೊಡುವುದು ವಿಚಿತ್ರ ಅನ್ನಿಸುವುದಿಲ್ಲ. ಯುರೋಪಿನ ವಿದ್ವಾಂಸರು ಎಷ್ಟೋ ಕಾಲ ಹೂತಿಟ್ಟ ನಿಧಿ ಅಂದರೆ ಭಯದ ಗುರುತು ಅಂತಲೇ ಓದಿದ್ದರು. ಈ ಮಡಕೆ ಸಿಕ್ಕ ಮೇಲೆ ರೋಮನ್ ಬ್ರಿಟನ್ನಿನ ಉಳಿದ ನಿಧಿಗಳನ್ನೂ ಮತ್ತೆ ಕೂತು ಪರಿಶೀಲಿಸಿದರು.

ಬ್ರಿಟನ್ನಿನಲ್ಲಿ ಇದಕ್ಕಿಂತ ದೊಡ್ಡ ರೋಮನ್ ನಾಣ್ಯರಾಶಿ ಸಿಕ್ಕಿದೆ. 1978ರಲ್ಲಿ ವಿಲ್ಟ್‌ಶೈರ್‌ನ ಕ್ಯುನೆಷಿಯೊದಲ್ಲಿ 54,951 ನಾಣ್ಯ. ಆದರೆ ಒಂದೇ ಮಡಕೆಯಲ್ಲಿ ಸಿಕ್ಕವುಗಳಲ್ಲಿ ಫ್ರೂಮ್‌ನದೇ ದೊಡ್ಡದು.

ಬೆಲೆ ಕಟ್ಟುವುದು

ಇಂಗ್ಲೆಂಡಿನ ಕಾನೂನಿನಲ್ಲಿ ಸಿಕ್ಕಿದ್ದೆಲ್ಲ ನಿಧಿ ಅಲ್ಲ. 300 ವರ್ಷಕ್ಕಿಂತ ಹಳೆಯ, ನೂರಕ್ಕೆ ಹತ್ತು ಪಾಲಾದರೂ ಚಿನ್ನ ಅಥವಾ ಬೆಳ್ಳಿ ಇರುವ ನಾಣ್ಯಗಳು ಒಂದೇ ಕಡೆ ಎರಡಾದರೂ ಸಿಗಬೇಕು. ಬೆಳ್ಳಿ ಅದಕ್ಕಿಂತ ಕಡಿಮೆ ಇದ್ದರೆ ಹತ್ತಾದರೂ ಸಿಗಬೇಕು. ಸಿಕ್ಕ 14 ದಿನದೊಳಗೆ ಕಾರೊನರ್‌ಗೆ ತಿಳಿಸಬೇಕು. ಸಹಜವಲ್ಲದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿಯೇ ಅಲ್ಲಿ ನಿಧಿಯ ವಿಚಾರಣೆಯನ್ನೂ ನಡೆಸುತ್ತಾರೆ. ಫ್ರೂಮ್‌ನ ವಿಚಾರಣೆ 2010ರ ಜುಲೈನಲ್ಲಿ ನಡೆದು, ನಿಧಿ ಅಂತ ತೀರ್ಮಾನವಾಯಿತು. ಅಕ್ಟೋಬರ್‌ನಲ್ಲಿ ಸ್ವತಂತ್ರ ಮೌಲ್ಯಮಾಪನ ಸಮಿತಿ ಬೆಲೆ ಹೇಳಿತು.

ಸಮಿತಿ ನೋಡುವುದು ಮಾರುಕಟ್ಟೆ ಬೆಲೆ, ಅಂದರೆ ನಾಣ್ಯಗಳನ್ನು ಹರಾಜಿಗೆ ಇಟ್ಟರೆ ಕೊಳ್ಳುವವನು ಎಷ್ಟು ಕೊಡುತ್ತಾನೆ ಅನ್ನುವುದು. ಸಾಮಾನ್ಯ ರೇಡಿಯೇಟ್‌ಗಳು ಲಕ್ಷಗಟ್ಟಲೆ ಸಿಕ್ಕಿವೆ, ಕೆಲವು ಪೌಂಡಿಗೆ ಒಂದು. ಓದಲಾಗದಷ್ಟು ಸವೆದದ್ದಕ್ಕೆ ಇನ್ನೂ ಕಡಿಮೆ. ಕರಾಸಿಯಸ್‌ನ ಆ ಐದು ಬೆಳ್ಳಿ ನಾಣ್ಯಗಳ ಮಾತೇ ಬೇರೆ. ನಾಣ್ಯದ ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ. ಎಷ್ಟು ಅಪರೂಪ, ಎಷ್ಟು ಚೆನ್ನಾಗಿ ಉಳಿದಿದೆ, ಎಲ್ಲಿಂದ ಬಂತು ಅನ್ನುವ ದಾಖಲೆ ಇದೆಯೋ ಇಲ್ಲವೋ, ಇವೇ ಮುಖ್ಯ. ಮನೆಯಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿದ ಹಳೇ ನಾಣ್ಯವನ್ನು ನೋಡಿದರೆ ಸಂಗ್ರಾಹಕರು ಮುಖ ಕಿವುಚುತ್ತಾರೆ. ಶತಮಾನಗಳ ಮೇಲ್ಪದರ ಹೋದರೆ ಅಕ್ಷರದ ಅಂಚೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ.

3,20,250 ಪೌಂಡ್ ಕ್ರಿಸ್ಪ್‌ಗೂ ಜಮೀನಿನವರಿಗೂ ಸಮವಾಗಿ ಹಂಚಿಕೆಯಾಯಿತು. ಆಗಿನ ದರದಲ್ಲಿ ಒಟ್ಟು ಎರಡು ಕೋಟಿ ರೂಪಾಯಿಗೂ ಜಾಸ್ತಿ. ಸರಕಾರದ ಪರಂಪರೆ ನಿಧಿ, ಆರ್ಟ್ ಫಂಡ್ ಅನ್ನುವ ಸಂಸ್ಥೆ ಮತ್ತು ಜನ ಕೊಟ್ಟ ದೇಣಿಗೆ ಸೇರಿ, 2011ರಲ್ಲಿ ಪೂರ್ತಿ ನಿಧಿಯನ್ನು ಟಾಂಟನ್‌ನ ಮ್ಯೂಸಿಯಂ ಆಫ್ ಸಾಮರ್‌ಸೆಟ್‌ಗೆ ಕೊಂಡುಕೊಳ್ಳಲಾಯಿತು. ಬಿಡಿ ಬಿಡಿಯಾಗಿ ಮಾರಾಟವಾಗಿ ಚೆದುರಿಹೋಗಲಿಲ್ಲ. ಹೊಲ ಯಾವುದು ಅನ್ನುವುದನ್ನು ಮಾತ್ರ ಗುಟ್ಟಾಗಿಯೇ ಇಟ್ಟರು. ರಾತ್ರಿ ಕದ್ದು ಅಗೆಯುವವರ ಕಾಟ ಅಲ್ಲೂ ಇದೆ.

ಆ ಕಾಟದ ಫಲ ಏನು ಅಂತ ನೋಡಬೇಕಾದರೆ 2015ರ ಇನ್ನೊಂದು ಪ್ರಕರಣ ಇದೆ. ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಹತ್ತಿರ ಇಬ್ಬರು ಡಿಟೆಕ್ಟರ್ ಹಿಡಿದವರು, ಉತ್ತರದಿಂದ ಹಡಗಿನಲ್ಲಿ ಬಂದು ದಾಳಿ ಮಾಡುತ್ತಿದ್ದ ವೈಕಿಂಗರ ಕಾಲದ ನಿಧಿ ಕಂಡರು. ಚಿನ್ನದ ಉಂಗುರ, ಕಡಗ, ಸ್ಫಟಿಕದ ಪದಕ, ಜೊತೆಗೆ ಅಂದಾಜು 300 ನಾಣ್ಯ. ಯಾರಿಗೂ ತಿಳಿಸದೆ ಮಾರಲು ಹೊರಟರು. ಪೊಲೀಸರು ಅವರ ಫೋನಿನಿಂದ ಅಳಿಸಿಹಾಕಿದ್ದ ಫೋಟೊಗಳನ್ನು ವಾಪಸ್ ತೆಗೆದಾಗ ನಿಧಿ ಎಷ್ಟು ದೊಡ್ಡದಿತ್ತು ಅಂತ ಗೊತ್ತಾಯಿತು. 2019ರಲ್ಲಿ ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಶಿಕ್ಷೆಯಾಯಿತು, ಮುಂದೆ ಮೇಲ್ಮನವಿಯಲ್ಲಿ ಅದು ಆರೂವರೆ ಮತ್ತು ಐದು ವರ್ಷಕ್ಕೆ ಇಳಿಯಿತು. ಕೈಗೆ ಸಿಕ್ಕ ನಾಣ್ಯ ಸುಮಾರು 30 ಮಾತ್ರ. ಅವುಗಳಲ್ಲಿ ಕೆಲವದರ ಮೇಲೆ ಇಬ್ಬರು ರಾಜರು ಅಕ್ಕಪಕ್ಕ ಕೂತಿದ್ದಾರೆ. ಆಗಿನ ಇಂಗ್ಲೆಂಡಿನ ಎರಡು ರಾಜ್ಯಗಳಾದ ವೆಸೆಕ್ಸ್‌ನ ಆಲ್‌ಫ್ರೆಡ್ ಮತ್ತು ಮರ್ಸಿಯಾದ ಚೋಲ್‌ವುಲ್ಫ್ ಮಿತ್ರರಾಗಿದ್ದರು ಅನ್ನುವುದಕ್ಕೆ ಅದು ಸಾಕ್ಷಿ. ಆಲ್‌ಫ್ರೆಡ್‌ನ ಕಡೆಯವರು ಬರೆದ ಚರಿತ್ರೆಯಲ್ಲಿ ಚೋಲ್‌ವುಲ್ಫ್ ವೈಕಿಂಗರ ಕೈಗೊಂಬೆ. ಉಳಿದ 270 ನಾಣ್ಯಗಳು ಇನ್ನೇನು ಹೇಳುತ್ತಿದ್ದವೋ. ಆ ಇಬ್ಬರೂ ತಿಳಿಸಿದ್ದರೆ ಕಾನೂನು ಪ್ರಕಾರವೇ ಅವರಿಗೂ ದೊಡ್ಡ ಮೊತ್ತ ಸಿಗುತ್ತಿತ್ತು.

ಇದೇ ಮಡಕೆ ನಮ್ಮಲ್ಲಿ ಸಿಕ್ಕಿದ್ದರೆ

ನಮ್ಮಲ್ಲಿ 1878ರ ಭಾರತೀಯ ನಿಧಿ ಕಾಯಿದೆ ಇದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆ ಇದೆ. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. 1878ರ ಕಾಯಿದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವ ನಿಧಿಗೂ ಇದು ಅನ್ವಯ, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ವಾರಸುದಾರರಿಲ್ಲದ ನಿಧಿಯಲ್ಲಿ ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಕೇಳಲು ಇಂಗ್ಲೆಂಡಿಗಿಂತ ಉದಾರ.

ತೊಡಕಿರುವುದು ಸರಕಾರ ಅದನ್ನು ತಾನೇ ಇಟ್ಟುಕೊಳ್ಳಲು ಹೊರಟಾಗ. ಆಗ 1878ರ ಕಾಯಿದೆ ಕೊಡಿಸುವುದು ವಸ್ತುವಿನ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಚರಿತ್ರೆಗೆ ಅಲ್ಲಿ ಲೆಕ್ಕವೇ ಇಲ್ಲ. ಫ್ರೂಮ್ ಮಡಕೆಯನ್ನು ಈ ಲೆಕ್ಕಕ್ಕೆ ಹಿಡಿದರೆ ಅದು 160 ಕಿಲೋ ತಾಮ್ರ, ಒಳಗೆ ಒಂದಿಷ್ಟು ಬೆಳ್ಳಿಯ ಅಂಶ. ಎರಡು ಕೋಟಿಯ ಹತ್ತಿರಕ್ಕೂ ಬರುವುದಿಲ್ಲ. ಕರಾಸಿಯಸ್‌ನ ಡೆನೇರಿಯಸ್‌ಗೂ ಗುರುತೇ ಸಿಗದ ರೇಡಿಯೇಟ್‌ಗೂ ತೂಕದ್ದಷ್ಟೇ ವ್ಯತ್ಯಾಸ. ಪ್ರಾಮಾಣಿಕವಾಗಿ ತಿಳಿಸುವವನಿಗೆ ನಷ್ಟ, ಅಕ್ಕಸಾಲಿಗನ ಹತ್ತಿರ ಕರಗಿಸುವವನಿಗೆ ಹೆಚ್ಚುಕಡಿಮೆ ಅಷ್ಟೇ ಹಣ, ಅದೂ ತಕ್ಷಣ. ಇದು ಬದಲಾಗಬೇಕು. ನಿಧಿ ಆಸೆಗೆ ಹಾಳು ದೇವಸ್ಥಾನಗಳ ಗರ್ಭಗುಡಿ ಅಗೆಯುವುದು, ನಂದಿಯನ್ನು ಒಡೆಯುವುದು ನಮ್ಮ ಜಿಲ್ಲೆಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಪೊಲೀಸ್ ಕಾವಲು ಬೇಕು, ನಿಜ. ಆದರೆ ತಿಳಿಸಿದವನಿಗೆ ಮಾರುಕಟ್ಟೆ ಬೆಲೆ ಸಿಗುತ್ತದೆ, ಹೆಸರು ಸಿಗುತ್ತದೆ, ಉತ್ಖನನದಲ್ಲಿ ಜೊತೆಗೆ ನಿಲ್ಲಲು ಜಾಗ ಸಿಗುತ್ತದೆ ಅಂತ ಗೊತ್ತಾದರೆ ತಾನಾಗಿ ಬಂದು ತಿಳಿಸುವವರು ಖಂಡಿತ ಜಾಸ್ತಿಯಾಗುತ್ತಾರೆ.

ಡಿಟೆಕ್ಟರ್ ತಗೊಂಡು ಹಂಪಿ, ಬಾದಾಮಿ ಕಡೆ ಹೋಗೋಣ ಅನ್ನುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಆದರೆ ಪಾಯ ತೋಡುವಾಗಲೋ ಬಾವಿ ತೆಗೆಸುವಾಗಲೋ ಉಳುವಾಗಲೋ ನಾಣ್ಯ ಸಿಗುವುದು ಯಾರ ಕೈಯಲ್ಲೂ ಇಲ್ಲ. ಸಿಕ್ಕರೆ ಕೆಲಸ ನಿಲ್ಲಿಸಿ. ಇದ್ದ ಹಾಗೇ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲೋ ಪೆನ್ನೋ ಇಡಿ. ಎಷ್ಟು ಆಳದಲ್ಲಿತ್ತು, ಸುತ್ತ ಎಂಥ ಮಣ್ಣಿತ್ತು ಅಂತ ಬರೆದಿಡಿ. ತೊಳೆಯಬೇಡಿ, ಉಜ್ಜಬೇಡಿ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಮಡಕೆಯ ಚೂರುಗಳನ್ನು ಬಿಸಾಡಬೇಡಿ, ಅವನ್ನೂ ಜೊತೆಗೇ ಕೊಡಿ.